ಆಂಜೆಲಿಕಾ ಬೇರಿನೊಳಗಿನ ಕಸ್ತೂರಿ

ಸಭಿಕರಿಗೆ ನಮಸ್ಕಾರ. ನೀವು ಒಳಗೆ ಬರುವಾಗ ನಿಮ್ಮೆಲ್ಲರ ಕೈಗೂ ಒಂದೊಂದು ಕಾಗದದ ಪಟ್ಟಿಯನ್ನು ಕೊಟ್ಟಿದ್ದೇವೆ. ಆಂಜೆಲಿಕಾ ಎಂಬ ಗಿಡದ ಬೇರಿನ ತೈಲವನ್ನು ಮದ್ಯಸಾರದಲ್ಲಿ ನೂರಕ್ಕೆ 10ರ ಪ್ರಮಾಣದಲ್ಲಿ ಕರಗಿಸಿ, ಆ ದ್ರಾವಣದಲ್ಲಿ ಪಟ್ಟಿಯ ತುದಿಯನ್ನು ಅದ್ದಲಾಗಿದೆ. ಅದನ್ನು ಮೂಗಿಗೆ ತಾಗಿಸದೆ, ಒಂದು ಅಂಗುಲ ದೂರದಲ್ಲಿ ಹಿಡಿದು, ಚಿಕ್ಕ ಚಿಕ್ಕ ಉಸಿರೆಳೆದು ಮೂಸಿ ನೋಡಿ. ಆಮೇಲೆ ಎಸೆಯದೆ ಇಟ್ಟುಕೊಳ್ಳಿ. ಮಾತು ಮುಗಿಯುವ ಹೊತ್ತಿಗೆ ಅದೇ ಪಟ್ಟಿಯನ್ನು ಇನ್ನೊಮ್ಮೆ ಮೂಸಬೇಕಾಗುತ್ತದೆ.

ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಮೆಣಸಿನ ಪುಡಿಯ ಡಬ್ಬಿ ತೆರೆದಂತಿದೆ ಎಂದರು. ಅವರ ಪಕ್ಕದವರು, ಇಲ್ಲ, ಕ್ಯಾರೆಟ್ ತುರಿಯುವಾಗ ಬರುವ ವಾಸನೆ ಎಂದರು. ಇಬ್ಬರ ಮಾತೂ ಸರಿ. ಇದರಲ್ಲಿ ಮೆಣಸಿನ ಖಾರವಿದೆ, ಮುರಿದ ಹಸಿರು ದಂಟಿನ ಒಗರಿದೆ, ಆಗತಾನೆ ಕಿತ್ತ ಬೇರಿಗೆ ಅಂಟಿದ ಮಣ್ಣಿನ ಸೊಗಡಿದೆ. ‘ದೇವದೂತ’ ಎಂಬ ಅರ್ಥದ ಹೆಸರನ್ನು ಕೇಳಿ ಮಲ್ಲಿಗೆಯಂತಹ ಮೃದುವಾದ ಕಂಪನ್ನು ನಿರೀಕ್ಷಿಸಿದವರಿಗೆ ಸ್ವಲ್ಪ ನಿರಾಸೆಯಾಗಿರಬಹುದು. ಆದರೆ ಈಗ ನೀವು ಮೂಸಿದ್ದು ಈ ತೈಲದ ಅರ್ಧದಷ್ಟು ಮಾತ್ರ. ಇನ್ನರ್ಧ ಪಟ್ಟಿಯ ಮೇಲೆಯೇ ಕುಳಿತಿದೆ, ಅದಕ್ಕೆ ಅವಸರವಿಲ್ಲ. ಒಂದೇ ಬೇರಿನ ಎಣ್ಣೆಯಲ್ಲಿ ಮೊದಲು ಬರುವ ಗಂಧಕ್ಕೂ ಕೊನೆಗೆ ಉಳಿಯುವ ಗಂಧಕ್ಕೂ ಇರುವ ಈ ಅಂತರವೇ ಇಂದಿನ ನನ್ನ ವಿಷಯ.

ಮೊದಲು ಗಿಡದ ಪರಿಚಯ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಆಂಜೆಲಿಕಾ ಆರ್ಕೆಂಜೆಲಿಕಾ ಎಂದು ಹೆಸರಿಟ್ಟ. ದೇವದೂತ ಎಂಬ ಮಾತು ಎರಡು ಸಲ ಬಂದರೂ ಸಾಲದೆಂಬಂತೆ, ಎರಡನೆಯದು ದೇವದೂತರ ಪೈಕಿ ಹಿರಿಯನನ್ನು ಸೂಚಿಸುತ್ತದೆ. ಪ್ಲೇಗಿನ ಕಾಲದಲ್ಲಿ ದೇವದೂತನೊಬ್ಬ ಸನ್ಯಾಸಿಯ ಕನಸಿನಲ್ಲಿ ಬಂದು ಈ ಬೇರನ್ನು ತೋರಿಸಿಕೊಟ್ಟನೆಂಬ ಐತಿಹ್ಯ ಯುರೋಪಿನಲ್ಲಿದೆ. ಹೆಸರು ಅಲ್ಲಿಂದ ಬಂತೆನ್ನುತ್ತಾರೆ. ಗಿಡ ಮಾತ್ರ ನಮಗೆ ತೀರ ಅಪರಿಚಿತವಲ್ಲ. ಅದರ ಹೂಗೊಂಚಲು ಬಿಚ್ಚಿದ ಕೊಡೆಯಂತೆ ಅರಳುತ್ತದೆ, ಕೊತ್ತಂಬರಿ ಗಿಡವನ್ನು ಹೂ ಬಿಡುವತನಕ ಕೀಳದೆ ಬಿಟ್ಟವರು ಅಂತಹ ಗೊಂಚಲನ್ನು ಕಂಡೇ ಇರುತ್ತಾರೆ. ಕೊತ್ತಂಬರಿ, ಜೀರಿಗೆ, ಸೋಂಪು, ಓಮ, ಸಬ್ಬಸಿಗೆ, ಕ್ಯಾರೆಟ್, ಇಂಗು ಎಲ್ಲವೂ ಒಂದೇ ಕುಟುಂಬದವು, ಆಂಜೆಲಿಕಾ ಕೂಡ ಆ ಕುಟುಂಬದ್ದೇ. ನಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿಯ ಅರ್ಧ ಭಾಗ ಈ ಗಿಡದ ನೆಂಟರಿಂದಲೇ ತುಂಬಿದೆ. ಕ್ಯಾರೆಟ್ ನೆನಪಾದವರ ಮೂಗು ತಪ್ಪು ಹೇಳಲಿಲ್ಲ ಎಂದದ್ದು ಅದಕ್ಕೇ.

ವ್ಯತ್ಯಾಸವೇನೆಂದರೆ, ಆಂಜೆಲಿಕಾ ಚಳಿನಾಡಿನ ಗಿಡ. ನಾರ್ವೆ, ಐಸ್‌ಲ್ಯಾಂಡ್, ಫೆರೋ ದ್ವೀಪಗಳು, ಗ್ರೀನ್‌ಲ್ಯಾಂಡ್ ಮೊದಲಾದ ಕಡೆ, ಹೊಳೆಯ ಅಂಚಿನ ತೇವದ ನೆಲದಲ್ಲಿ, ಆಳೆತ್ತರಕ್ಕಿಂತ ಮೇಲೆ ಬೆಳೆಯುತ್ತದೆ. ಹಸಿರು ತರಕಾರಿ ಅಪರೂಪವಾದ ಆ ನಾಡುಗಳಲ್ಲಿ ಅದು ಔಷಧಿಗಿಂತ ಮೊದಲು ಆಹಾರವಾಗಿತ್ತು. ಉತ್ತರ ಸ್ಕ್ಯಾಂಡಿನೇವಿಯಾದ ಮೂಲನಿವಾಸಿಗಳಾದ ಸಾಮಿ ಜನ ಎಳೆಯ ದಂಟಿನ ಸಿಪ್ಪೆ ಸುಲಿದು ಹಾಗೆಯೇ ತಿನ್ನುತ್ತಿದ್ದರು. ನಾರ್ವೆಯ ಪ್ರಾಚೀನ ಗುಲಾಥಿಂಗ್ ಕಾನೂನಿನಲ್ಲಿ ಇನ್ನೊಬ್ಬನ ಆಂಜೆಲಿಕಾ ತೋಟದಿಂದ ಕದಿಯುವುದರ ಬಗ್ಗೆ ಪ್ರತ್ಯೇಕ ವಿಧಿಯೇ ಇದೆ. ನಮ್ಮಲ್ಲಿ ವೀಳ್ಯದೆಲೆ ತೋಟಕ್ಕೆ ಬೇಲಿ ಹಾಕಿ ಕಾಯುವಂತೆ ಅಲ್ಲಿಯವರು ಇದನ್ನು ಕಾದಿರಬೇಕು. ಮುಂದೆ ಗಿಡ ದಕ್ಷಿಣಕ್ಕೆ ಇಳಿದು ಫ್ರಾನ್ಸ್, ಬೆಲ್ಜಿಯಂ, ಜರ್ಮನಿ, ಹಂಗೇರಿಗಳ ಹೊಲಗಳನ್ನು ಸೇರಿತು. ಫ್ರಾನ್ಸಿನ ನಿಯೋರ್ ಪಟ್ಟಣದಲ್ಲಿ ಇದರ ದಂಟನ್ನು ಸಕ್ಕರೆ ಪಾಕದಲ್ಲಿ ಹಾಕಿ ಮಾಡುವ ಹಸಿರು ಮಿಠಾಯಿ ಇಂದಿಗೂ ಪ್ರಸಿದ್ಧ.

ಸುಗಂಧದ ಕಸುಬಿಗೆ ಬೇಕಾದದ್ದು ಮಾತ್ರ ದಂಟಲ್ಲ, ಬೇರು. ಬೀಜದಿಂದಲೂ ತೈಲ ತೆಗೆಯುತ್ತಾರೆ. ಅದು ಹಗುರ, ಸಿಹಿ, ಚುರುಕು, ಆದರೆ ಬೇಗ ಹಾರಿಹೋಗುತ್ತದೆ. ಆ ಮಾತನ್ನು ನಾನು ಹೆಚ್ಚು ಬೆಳೆಸುವುದಿಲ್ಲ. ಬೇರನ್ನು ಅಗೆಯುವುದಕ್ಕೆ ಒಂದು ಕಾಲವಿದೆ. ಈ ಗಿಡ ತನ್ನ ಆಯುಷ್ಯದಲ್ಲಿ ಒಂದೇ ಸಲ, ಸಾಮಾನ್ಯವಾಗಿ ಎರಡನೆಯ ವರ್ಷದಲ್ಲೋ ಮೂರನೆಯ ವರ್ಷದಲ್ಲೋ, ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ, ಸಾಯುತ್ತದೆ. ಬೇರಿನಲ್ಲಿ ಕೂಡಿಟ್ಟದ್ದೆಲ್ಲ ಆ ಒಂದು ಹೂಗೊಂಚಲಿಗೆ ಖರ್ಚಾಗಿ, ಬೇರು ಬೆಂಡಾಗಿ ನಾರು ಮಾತ್ರ ಉಳಿಯುತ್ತದೆ. ಆದ್ದರಿಂದ ರೈತರು ಹೂ ಬರುವ ಮೊದಲೇ, ಮೊದಲ ವರ್ಷದ ಶರತ್ಕಾಲದಲ್ಲಿಯೋ ಮರುವರ್ಷದ ವಸಂತದ ಆರಂಭದಲ್ಲಿಯೋ ಅಗೆದು, ತೊಳೆದು, ಒಣಗಿಸುತ್ತಾರೆ. ಒಣಗುವಾಗ ತೂಕದ ಬಹುಪಾಲು ನೀರಾಗಿ ಹೋಗುತ್ತದೆ. ಹಾಗೆ ಉಳಿದ 100 ಕಿಲೋ ಒಣಬೇರನ್ನು ಭಟ್ಟಿಗೆ ಹಾಕಿದರೆ ಸಿಗುವ ತೈಲ ಸುಮಾರು 300 ಗ್ರಾಮಿನಿಂದ 1 ಕಿಲೋ. ಬೆಲೆ ಏಕೆ ಹೆಚ್ಚೆಂದು ಇನ್ನು ಬೇರೆ ಹೇಳಬೇಕಾಗಿಲ್ಲ.

ಭಟ್ಟಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಲ್ಲವೂ ಅಲ್ಲಿಯೇ ನಿರ್ಧಾರವಾಗುತ್ತದೆ. ಹಬೆ ಹಾಯಿಸಿದಾಗ ಬೇರಿನೊಳಗಿನ ಹಗುರವಾದ ಅಣುಗಳು ಮೊದಲು ಹೊರಡುತ್ತವೆ. ಮೊದಲ ಗಂಟೆಗಳಲ್ಲಿ ತೊಟ್ಟಿಕ್ಕುವ ಎಣ್ಣೆಯಲ್ಲಿ ಮೆಣಸಿನ ಮತ್ತು ಪೈನ್ ಮರದ ವಾಸನೆಯೇ ಪ್ರಧಾನ. ಇಷ್ಟಕ್ಕೆ ಒಲೆ ಆರಿಸಿದರೆ ಎಣ್ಣೆಯ ಪ್ರಮಾಣದಲ್ಲಿ ದೊಡ್ಡ ನಷ್ಟವೇನೂ ಕಾಣುವುದಿಲ್ಲ, ಸೌದೆ ಉಳಿಯುತ್ತದೆ, ಆದರೆ ಆಂಜೆಲಿಕಾ ಎಂದು ಕರೆಯಬಹುದಾದದ್ದು ಬೇರಿನಲ್ಲೇ ಉಳಿದುಬಿಟ್ಟಿರುತ್ತದೆ. ಭಾರವಾದ ಅಣುಗಳು ಹಬೆಯೊಡನೆ ನಿಧಾನವಾಗಿ, ಕೊನೆಕೊನೆಗೆ ಬರುತ್ತವೆ; ಆದ್ದರಿಂದ ಒಳ್ಳೆಯ ತೈಲಕ್ಕೆ 12ರಿಂದ 24 ಗಂಟೆಗಳವರೆಗೂ ಹಬೆ ಹಾಯಿಸುತ್ತಾರೆ. ಶ್ರೀಗಂಧದ ಊರಿನವರಾದ ನಮಗೆ ಇದು ಹೊಸ ಮಾತಲ್ಲ. ಶ್ರೀಗಂಧದ ತೈಲದ ಜೀವಾಳವಾದ ಸಂಟಾಲೋಲ್ ಕೂಡ ಭಾರವಾದ ಅಣುವೇ ಆದ್ದರಿಂದ, 1916ರಲ್ಲಿ ಬೆಂಗಳೂರಿನಲ್ಲಿ ತೈಲ ತೆಗೆಯಲು ತೊಡಗಿದ ಕಾಲದಿಂದಲೂ ಆ ಭಟ್ಟಿಗೆ ದಿನಗಟ್ಟಲೆ ತಾಳ್ಮೆ ಬೇಕಾಗುತ್ತಿತ್ತು. ಆದರೆ ಒಂದು ಭೇದವಿದೆ. ಶ್ರೀಗಂಧದಲ್ಲಿ ಆ ಭಾರವಾದ ಅಣುವೇ ತೈಲದ ಬಹುಪಾಲು. ಆಂಜೆಲಿಕಾದಲ್ಲಿ ಅದರ ಗಂಧಕ್ಕೆ ಜೀವಾಳವಾದ ಭಾರದ ಅಣು ನೂರರಲ್ಲಿ ಒಂದು ಪಾಲಿನ ಆಸುಪಾಸು.

ಈ ಲೆಕ್ಕವನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಬೇರಿನ ತೈಲದ ಬಹುಭಾಗ ಆಲ್ಫಾ ಪೈನೀನ್, ಡೆಲ್ಟಾ ಕರೀನ್, ಬೀಟಾ ಫೆಲಾಂಡ್ರೀನ್, ಲಿಮೊನೀನ್ ಮೊದಲಾದ ಮೊನೊಟರ್ಪೀನುಗಳು. ಇವೆಲ್ಲ ಹತ್ತು ಕಾರ್ಬನ್ ಮತ್ತು ಹದಿನಾರು ಹೈಡ್ರೋಜನ್ ಪರಮಾಣುಗಳ ಪುಟ್ಟ ಅಣುಗಳು, ಅಣುತೂಕ 136. ಪೈನ್ ಮರದ ಅಂಟಿನಲ್ಲಿ, ಮೆಣಸಿನಲ್ಲಿ, ಕಿತ್ತಳೆ ಸಿಪ್ಪೆಯಲ್ಲಿ ಇರುವುದೂ ಇವೇ. ತೈಲದಲ್ಲಿರುವ ಇನ್ನೊಂದು ವಸ್ತು ಪೆಂಟಾಡೆಕನೋಲೈಡ್: ಹದಿನೈದು ಕಾರ್ಬನ್ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಕೈಕೈ ಹಿಡಿದು ನಿಂತ ದೊಡ್ಡ ಉಂಗುರ, ಅಣುತೂಕ 240. ಅದರ ಜೊತೆಗೆ ಹದಿಮೂರು ಕಾರ್ಬನ್ನಿನ ಇನ್ನೊಂದು ಚಿಕ್ಕ ಉಂಗುರವೂ ಇದೆ. ಮೊದಲನೆಯ ಗುಂಪು ಕಾಗದದ ಮೇಲಿಂದ ನಿಮಿಷಗಳಲ್ಲಿ ಏಳತೊಡಗಿ ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಖಾಲಿಯಾಗುತ್ತದೆ. ದೊಡ್ಡ ಉಂಗುರ ದಿನಗಟ್ಟಲೆ ಕದಲುವುದಿಲ್ಲ. ಅದರ ಗಂಧ ಯಾವುದರದ್ದೆಂದರೆ, ಕಸ್ತೂರಿಯದು.

ಕಸ್ತೂರಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಹಿಮಾಲಯದ ಕಸ್ತೂರಿ ಮೃಗ. ಗಂಡು ಮೃಗದ ಹೊಟ್ಟೆಯಡಿಯ ಗ್ರಂಥಿಯಲ್ಲಿ ಸಿಗುವ ಕಸ್ತೂರಿ ಸುಮಾರು 25 ಗ್ರಾಮ್. ಅಷ್ಟಕ್ಕಾಗಿ ಪ್ರಾಣಿಯನ್ನೇ ಕೊಲ್ಲುತ್ತಿದ್ದರು, ಉರುಲಿಗೆ ಬಿದ್ದದ್ದು ಹೆಣ್ಣೋ ಮರಿಯೋ ಆಗಿದ್ದರೆ ಆ ಸಾವು ವ್ಯರ್ಥವೇ ಆಗುತ್ತಿತ್ತು. ಈ ಗಂಧ ಎಲ್ಲಿಂದ ಬರುತ್ತದೆಂಬುದು ರಸಾಯನಜ್ಞರಿಗೆ ಬಹುಕಾಲ ಕಗ್ಗಂಟಾಗಿತ್ತು. 1906ರಲ್ಲಿ ಜರ್ಮನಿಯ ಹೈನ್ರಿಚ್ ವಾಲ್ಬೌಮ್ ಕಸ್ತೂರಿಯಿಂದ ಮಸ್ಕೋನ್ ಎಂಬ ವಸ್ತುವನ್ನು ಬೇರ್ಪಡಿಸಿದ. ಅದರ ರಚನೆ ಏನೆಂದು ತಿಳಿಯಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ತಡವಾದದ್ದಕ್ಕೆ ಕಾರಣ ಉಪಕರಣಗಳ ಕೊರತೆ ಮಾತ್ರವಲ್ಲ, ಒಂದು ನಂಬಿಕೆಯೂ ಹೌದು. ಜರ್ಮನ್ ರಸಾಯನಜ್ಞ ಅಡಾಲ್ಫ್ ಬೇಯರ್ 1885ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಐದಾರು ಪರಮಾಣುಗಳ ಉಂಗುರಗಳು ನೆಮ್ಮದಿಯಾಗಿರುತ್ತವೆ. ಅದಕ್ಕಿಂತ ದೊಡ್ಡವು ಬಿಗಿತ ತಾಳಲಾರದೆ ಮುರಿಯಬೇಕು. ಉಂಗುರ ಸಪಾಟಾಗಿ ನೆಲದ ಮೇಲೆ ಹಾಸಿದಂತಿರುತ್ತದೆಂದು ಊಹಿಸಿದ್ದರಿಂದ ಆದ ತಪ್ಪು ಅದು. ನಿಜದಲ್ಲಿ ದೊಡ್ಡ ಉಂಗುರ ಹೂಮಾಲೆಯಂತೆ ಬಳುಕಿ ತನಗೆ ಬೇಕಾದ ಹಾಗೆ ಮಡಚಿಕೊಳ್ಳುತ್ತದೆ, ಬಿಗಿತವೇ ಇರುವುದಿಲ್ಲ.

ಜಿನೀವಾದ ಸುಗಂಧ ಸಂಸ್ಥೆಯೊಂದರ ಸಹಯೋಗದಲ್ಲಿ ಕೆಲಸ ಮಾಡುತ್ತಿದ್ದ ರಸಾಯನಜ್ಞ ಲಿಯೋಪೋಲ್ಡ್ ರುಜಿಕಾ 1926ರಲ್ಲಿ ಆ ನಂಬಿಕೆಯನ್ನು ಕೆಡವಿದ. ಪುನುಗಿನ ಗಂಧವಸ್ತು ಹದಿನೇಳು ಕಾರ್ಬನ್ನುಗಳ ಉಂಗುರವೆಂದೂ ಕಸ್ತೂರಿಯದು ಹದಿನೈದರ ಉಂಗುರವೆಂದೂ ತೋರಿಸಿದ. ಮರುವರ್ಷವೇ, 1927ರಲ್ಲಿ, ಮ್ಯಾಕ್ಸ್ ಕೆರ್ಷ್‌ಬೌಮ್ ಎಂಬ ಜರ್ಮನ್ ರಸಾಯನಜ್ಞ ಆಂಜೆಲಿಕಾ ಬೇರಿನ ತೈಲದ ಕಸ್ತೂರಿಯಂತಹ ಘಮಕ್ಕೂ ಇಂತಹ ದೊಡ್ಡ ಉಂಗುರವೇ ಕಾರಣವೆಂದು ಪ್ರಕಟಿಸಿದ. ಅದೇ ಲೇಖನದಲ್ಲಿ ಅವನು ಪರೀಕ್ಷಿಸಿದ ಇನ್ನೊಂದು ಸಸ್ಯ ನಮ್ಮ ನೆಲದ್ದು: ಕಸ್ತೂರಿ ಬೆಂಡೆ, ಸಂಸ್ಕೃತದ ಲತಾಕಸ್ತೂರಿ. ಅದರ ಬೀಜದಲ್ಲಿರುವುದು ಹದಿನೇಳು ಪರಮಾಣುಗಳ ಉಂಗುರ, ಆಂಬ್ರೆಟೋಲೈಡ್. ಆ ಬೀಜ ಉಜ್ಜಿದ ಕೈಯಲ್ಲಿ ಕಸ್ತೂರಿಯ ವಾಸನೆ ಬರುತ್ತದೆಂದು ಆ ಹೆಸರನ್ನಿಟ್ಟವರಿಗೆ ಮೊದಲೇ ಗೊತ್ತಿತ್ತು. ಏಕೆ ಬರುತ್ತದೆಂಬುದು ಕೆರ್ಷ್‌ಬೌಮನಿಂದ ತಿಳಿಯಿತು. ಉತ್ತರ ಧ್ರುವದ ಅಂಚಿನ ಒಂದು ಬೇರು, ಉಷ್ಣನಾಡಿನ ಒಂದು ಬೆಂಡೆ, ಹಿಮಾಲಯದ ಒಂದು ಮೃಗ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಈ ಮೂರೂ ತಮ್ಮ ತಮ್ಮ ಒಡಲಿನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ ಉಂಗುರವನ್ನು ಹೆಣೆದಿಟ್ಟಿವೆ. ನನ್ನ ಮಟ್ಟಿಗೆ ಗಂಧದ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿಲ್ಲ.

ಅಲ್ಲಿಂದ ಮುಂದಿನದು ಕಾರ್ಖಾನೆಯ ಕಥೆ. 1928ರ ವೇಳೆಗೆ ರುಜಿಕಾ ಮತ್ತು ಅವನ ಸಹೋದ್ಯೋಗಿ ಸ್ಟೋಲ್ ಆಂಜೆಲಿಕಾದ ಈ ಉಂಗುರವನ್ನು ಪ್ರಯೋಗಾಲಯದಲ್ಲಿ ಕಟ್ಟಿದರು. ಅದು ಎಕ್ಸಾಲ್ಟೋಲೈಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ರುಜಿಕಾನಿಗೆ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದದ್ದು ಈ ದೊಡ್ಡ ಉಂಗುರಗಳ ಮತ್ತು ಟರ್ಪೀನುಗಳ ಕೆಲಸಕ್ಕಾಗಿ. ನಡುವೆ ಒಂದು ಉಪಕಥೆ: ಕಸ್ತೂರಿ ಬೆಂಡೆಯ ಉಂಗುರಕ್ಕೆ ಹತ್ತಿರದ ಐಸೋಆಂಬ್ರೆಟೋಲೈಡನ್ನು ತಯಾರಿಸಲು ಬಳಸುವ ಅಲ್ಯೂರಿಟಿಕ್ ಆಮ್ಲ ಸಿಗುವುದು ನಮ್ಮ ದೇಶದ ಅರಗಿನಿಂದ. ಪಾಂಡವರನ್ನು ಸುಡಲೆಂದು ಕಟ್ಟಿದ ಮನೆಯ ಆ ಅರಗೇ ಇಂದು ಕಸ್ತೂರಿಯ ಪರಿಮಳವಾಗಿ ಸೀಸೆ ಸೇರುತ್ತದೆ.

ಹಾಗಾದರೆ ಉಂಗುರ ಕಾರ್ಖಾನೆಯಲ್ಲಿ ಅಗ್ಗವಾಗಿ ಸಿಗುವಾಗ, ಪೈನೀನ್ ಇನ್ನೂ ಅಗ್ಗವಾಗಿ ಸಿಗುವಾಗ, ಎರಡನ್ನೂ ಬೆರೆಸಿದರೆ ಸಾಲದೇ, ದುಬಾರಿಯಾದ ಬೇರಿನ ತೈಲ ಇನ್ನೂ ಏಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ಹಾಗೆ ಬೆರೆಸಿ ನೋಡಿದವರಲ್ಲಿ ನಾನೂ ಒಬ್ಬ. ಆರಂಭ ಚೆನ್ನಾಗಿರುತ್ತದೆ, ಕೊನೆಯೂ ಚೆನ್ನಾಗಿರುತ್ತದೆ, ಎರಡರ ನಡುವೆ ಒಂದು ಕಂದಕ ಉಳಿಯುತ್ತದೆ. ನಿಜವಾದ ತೈಲದಲ್ಲಿ ಆ ಕಂದಕವನ್ನು ತುಂಬುವ ನಡುತೂಕದ ಹತ್ತಾರು ವಸ್ತುಗಳು ಚೂರುಚೂರು ಪ್ರಮಾಣದಲ್ಲಿವೆ. ಮಣ್ಣಿನ, ಸೊಪ್ಪಿನ, ತುಸು ಮದ್ಯದ ಛಾಯೆಗಳು ಅವುಗಳಿಂದ ಬರುತ್ತವೆ. ಸುಗಂಧ ಸಂಯೋಜಕರು ಒಂದು ಪರಿಮಳವನ್ನು ಮೇಲಿನ, ನಡುವಿನ, ತಳದ ಸ್ವರಗಳೆಂದು ಮೂರಾಗಿ ಕಟ್ಟುತ್ತಾರೆ: ನಿಂಬೆ, ಕಿತ್ತಳೆಗಳು ಮೇಲೆ, ಹೂಗಳು ನಡುವೆ, ಗಂಧ, ಲಾವಂಚ, ಕಸ್ತೂರಿಗಳು ತಳದಲ್ಲಿ. ಆಂಜೆಲಿಕಾ ಈ ಮೂರು ಅಂತಸ್ತಿಗೂ ಹಾದುಹೋಗುವ ಏಣಿ. ಅದಕ್ಕಾಗಿಯೇ ಅದನ್ನು ತೀರ ಕಡಿಮೆ ಹಾಕುತ್ತಾರೆ. ಹನಿ ಹೆಚ್ಚಾದರೆ ಕಷಾಯದ ಅಂಗಡಿಯ ವಾಸನೆ ಬಂದು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ.

ಆಂಜೆಲಿಕಾವನ್ನೇ ಮುಂದೆ ನಿಲ್ಲಿಸಿದ ಪರಿಮಳಗಳೂ ಇವೆ. ಫ್ರೆಡರಿಕ್ ಮಾಲ್ ಸಂಸ್ಥೆಗಾಗಿ ಜಾನ್ ಕ್ಲೋದ್ ಎಲೆನಾ 2000ದಲ್ಲಿ ರಚಿಸಿದ ‘ಆಂಜೆಲೀಕ್ ಸೂ ಲಾ ಪ್ಲುಯಿ’, ಅಂದರೆ ಮಳೆಯಲ್ಲಿ ಆಂಜೆಲಿಕಾ, ಗಿಡದ ಹಸಿರು ಮತ್ತು ಚಳಿಯನ್ನು ಜುನಿಪರ್ ಕಾಯಿಯ ಜೊತೆಗಿಟ್ಟು ತೋರಿಸುತ್ತದೆ. ಜಿನ್ ಎಂಬ ಮದ್ಯದ ವಾಸನೆ ಬಲ್ಲವರಿಗೆ ಅದು ಕೂಡಲೇ ನೆನಪಾಗುತ್ತದೆ, ಏಕೆಂದರೆ ಜಿನ್ ತಯಾರಿಕೆಯಲ್ಲಿ ಜುನಿಪರ್ ಮತ್ತು ಕೊತ್ತಂಬರಿ ಬೀಜದ ನಂತರದ ಮುಖ್ಯ ಸಾಮಗ್ರಿ ಈ ಬೇರೇ. ಗೆರ್ಲೆನ್ ಸಂಸ್ಥೆಗೆ ದಾನಿಯೆಲಾ ಆಂಡ್ರಿಯೇ 2005ರಲ್ಲಿ ಮಾಡಿದ ‘ಆಂಜೆಲೀಕ್ ನುವಾರ್’ ತದ್ವಿರುದ್ಧ ದಾರಿಯದು. ಅಲ್ಲಿ ವೆನಿಲಾ ಸೇರಿ, ನಿಯೋರಿನ ಮಿಠಾಯಿಯ ಕಹಿಮಿಶ್ರಿತ ಸಿಹಿ ಮೇಲೇಳುತ್ತದೆ. ಒಂದೇ ಬೇರನ್ನು ಒಬ್ಬರು ಹೊಲದಿಂದಲೂ ಇನ್ನೊಬ್ಬರು ಮಿಠಾಯಿ ಅಂಗಡಿಯಿಂದಲೂ ತಂದಂತಿದೆ. ನನಗೆ ಮೊದಲನೆಯದು ಹೆಚ್ಚು ಪ್ರಾಮಾಣಿಕವೆನ್ನಿಸುತ್ತದೆ, ಆದರೆ ಇದು ರುಚಿಯ ಮಾತು. ಇನ್ನೊಂದು ಎಚ್ಚರ: ಸೀಸೆಯ ಪೆಟ್ಟಿಗೆಯ ಮೇಲೆ ಆಂಜೆಲಿಕಾ ಎಂದು ಬರೆದಿದ್ದ ಮಾತ್ರಕ್ಕೆ ಒಳಗೆ ಬೇರಿನ ತೈಲ ಇರಲೇಬೇಕೆಂದಿಲ್ಲ, ಆ ಬರಹ ಗಂಧದ ವರ್ಣನೆಯೇ ಹೊರತು ಸಾಮಗ್ರಿಗಳ ಪಟ್ಟಿಯಲ್ಲ.

ಈ ತೈಲಕ್ಕೆ ಒಂದು ದೋಷವಿದೆ, ಅದನ್ನು ಮರೆಮಾಚಬಾರದು. ಬೇರಿನಲ್ಲಿ ಫ್ಯೂರೋಕೌಮರಿನ್ ಎಂಬ ವರ್ಗದ ವಸ್ತುಗಳಿವೆ. ತೈಲ ಹಚ್ಚಿದ ಚರ್ಮದ ಮೇಲೆ ಬಿಸಿಲು ಬಿದ್ದಾಗ ಅವು ನೇರಳಾತೀತ ಕಿರಣವನ್ನು ಹೀರಿ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಚರ್ಮ ಕೆಂಪಾಗಿ, ಬೊಬ್ಬೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ಆದ್ದರಿಂದ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆಯಾದ ಇಫ್ರಾ, ತೊಳೆಯದೆ ಚರ್ಮದ ಮೇಲೆ ಬಿಡುವ ಉತ್ಪನ್ನಗಳಲ್ಲಿ ಈ ತೈಲ ನೂರಕ್ಕೆ 0.8ನ್ನು ಮೀರಬಾರದೆಂದು ಮಿತಿ ಹಾಕಿದೆ. ಈ ವರ್ಗದ ಒಂದು ವಸ್ತುವಿಗೆ ಗಿಡದ ಹೆಸರಿನಿಂದಲೇ ಆಂಜೆಲಿಸಿನ್ ಎಂದು ಕರೆಯುತ್ತಾರೆ. ಅದೇ ಆಂಜೆಲಿಸಿನ್ ನಮ್ಮ ಬಾವಂಚಿ ಬೀಜದಲ್ಲಿಯೂ ಇದೆ. ತೊನ್ನಿಗೆ ಬಾವಂಚಿ ಲೇಪಿಸಿ ಬಿಸಿಲಿಗೆ ಮೈಯೊಡ್ಡುವ ಹಳೆಯ ಚಿಕಿತ್ಸೆ ನಿಮಗೆ ಗೊತ್ತಿರಬಹುದು. ಅಲ್ಲಿ ಔಷಧವಾಗುವ ಗುಣ ಇಲ್ಲಿ ಅಪಾಯವಾಗುತ್ತದೆ. ಮನೆಯಲ್ಲಿ ಅತ್ತರು ಬೆರೆಸುವ ಹವ್ಯಾಸ ಇರುವವರು ಬಟ್ಟೆಗೆ ಹಾಕಿಕೊಳ್ಳಿ, ಕುತ್ತಿಗೆಗೆ ಬೇಡ. ಸೀಸೆಯನ್ನು ತುಂಬಿಸಿ, ತಂಪಿನಲ್ಲಿ, ಕತ್ತಲಲ್ಲಿ ಇಡಿ. ಗಾಳಿ ತಾಗಿದರೆ ಟರ್ಪೀನುಗಳು ಒಂದಕ್ಕೊಂದು ಅಂಟಿ ತೈಲ ಜಿಡ್ಡುಗಟ್ಟುತ್ತದೆ.

ಭಾರತದಲ್ಲಿ ಇದರ ನೆಂಟ ಯಾರೂ ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ಕಾಶ್ಮೀರ, ಹಿಮಾಚಲಗಳ ಎತ್ತರದ ತಪ್ಪಲುಗಳಲ್ಲಿ ಬೆಳೆಯುವ ಆಂಜೆಲಿಕಾ ಗ್ಲಾಕಾ ಎಂಬ ಪ್ರಭೇದವನ್ನು ಅಲ್ಲಿಯ ಜನ ಚೋರಾ ಎಂದು ಕರೆದು ಅಡುಗೆಗೂ ಔಷಧಿಗೂ ಬಳಸುತ್ತಾರೆ. ಭಾರತದ ಆಯುರ್ವೇದ ಔಷಧಕೋಶ ಚೋರಕ ಎಂಬ ಹೆಸರಿನಡಿ ಇದರ ಬೇರನ್ನೇ ಗುರುತಿಸುತ್ತದೆ. ಕಳ್ಳ ಎಂಬ ಹೆಸರು ಏಕೆ ಬಂತೋ, ನೆಲದಡಿ ಅಡಗಿ ಮೇಲೆ ಘಮ ಸೋರಗೊಡುವ ಬೇರಿಗೆ ಅದು ಒಪ್ಪುತ್ತದೆ. ಕಾಡಿನಿಂದ ಎಡೆಬಿಡದೆ ಅಗೆದ ಕಾರಣ ಅದೀಗ ಅಪರೂಪವಾಗಿದೆ. ಬೇರಿಗಾಗಿ ಕೀಳುವ ಗಿಡ, ಅದೂ ಹೂ ಬಿಡುವ ಮೊದಲೇ ಕಿತ್ತರೆ, ಬೀಜವನ್ನೂ ಬಿಟ್ಟುಹೋಗುವುದಿಲ್ಲ. ಯುರೋಪಿನ ಆಂಜೆಲಿಕಾ ಹೊಲದ ಬೆಳೆಯಾದ್ದರಿಂದ ಉಳಿದುಕೊಂಡಿತು. ಚೋರಾವನ್ನೂ ಬೆಳೆಯಾಗಿ ಬೆಳೆಸದ ಹೊರತು ಅದರಿಂದ ತೈಲೋದ್ಯಮ ಕಟ್ಟುವ ಮಾತು ಆಡಬಾರದೆಂಬುದು ನನ್ನ ಅಭಿಪ್ರಾಯ.

ಈಗ ಪಟ್ಟಿಯನ್ನು ಮತ್ತೆ ತೆಗೆದುಕೊಳ್ಳಿ. ಸುಮಾರು ಒಂದು ಗಂಟೆ ಕಳೆದಿದೆ. ಮೆಣಸು ಬಹುಮಟ್ಟಿಗೆ ಹೋಗಿರಬೇಕು. ಒಣಬೇರಿನ, ತುಸು ಸಿಹಿಯಾದ, ಒಗೆದು ಒಣಗಿಸಿದ ಹತ್ತಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಂತಹ ಮೆದು ವಾಸನೆ ಉಳಿದಿರಬೇಕು. ಹಾಗೆಂದಾಗ ಕೆಲವರು ತಲೆಯಾಡಿಸುತ್ತಿದ್ದೀರಿ, ಕೆಲವರು ಖಾಲಿ ಕಾಗದ ಮೂಸಿದವರಂತೆ ನನ್ನನ್ನೇ ನೋಡುತ್ತಿದ್ದೀರಿ. ಏನೂ ಸಿಗದವರು ಗಾಬರಿಯಾಗಬೇಕಿಲ್ಲ. ಉಳಿದೆಲ್ಲ ವಾಸನೆಗಳನ್ನು ಚೆನ್ನಾಗಿ ಗ್ರಹಿಸುವ ಮೂಗು ಈ ದೊಡ್ಡ ಉಂಗುರಗಳಲ್ಲಿ ಒಂದಕ್ಕೆ ಮಾತ್ರ ಕುರುಡಾಗಿರುವುದು ಮನುಷ್ಯರಲ್ಲಿ ಸಾಮಾನ್ಯ. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಜಾಕ್ ಲ ಮಾನ್ಯೆನ್ ಇದೇ ಎಕ್ಸಾಲ್ಟೋಲೈಡನ್ನು ಮೂಸಲು ಕೊಟ್ಟಾಗ, ಹೆಂಗಸರು ಅದನ್ನು ಗಂಡಸರಿಗಿಂತ ಹೆಚ್ಚು ತೀವ್ರವಾಗಿ ಗುರುತಿಸುತ್ತಾರೆಂದೂ ಆ ತೀವ್ರತೆ ಋತುಚಕ್ರದ ಜೊತೆ ಏರಿಳಿಯುತ್ತದೆಂದೂ ವರದಿ ಮಾಡಿದ. ಆದ್ದರಿಂದ ಪರಿಮಳ ತಯಾರಿಸುವ ಕಡೆ ಕಸ್ತೂರಿಯ ಪ್ರಮಾಣವನ್ನು ಒಬ್ಬರ ಮೂಗಿನ ಮೇಲೆ ನಿರ್ಧರಿಸುವುದಿಲ್ಲ, ನಾಲ್ಕಾರು ಜನರನ್ನು ಕೇಳುತ್ತಾರೆ. ನಿಮಗೆ ಸಿಗದಿದ್ದರೆ ಪಟ್ಟಿಯನ್ನು ಮನೆಗೆ ಒಯ್ದು ಮನೆಯವರ ಕೈಗೆ ಕೊಟ್ಟು ನೋಡಿ. ಪುಸ್ತಕದ ನಡುವೆ ಮಾತ್ರ ಇಡಬೇಡಿ. ಆ ಹಾಳೆಗಳಿಂದ ಅದನ್ನು ಬಿಡಿಸಲು ವಾರಗಳೇ ಬೇಕಾಗುತ್ತವೆ.